ವರ್ಚುವಲ್ ರಿಯಾಲಿಟಿ ಅಸ್ವಸ್ಥತೆ ಮತ್ತು ಸುಪ್ತ ಆರೋಗ್ಯ ಸಮಸ್ಯೆಗಳು

ವರ್ಚುವಲ್ ರಿಯಾಲಿಟಿ ಅಸ್ವಸ್ಥತೆ ಅಥವಾ ವಿ.ಆರ್. ಅಸ್ವಸ್ಥತೆ ಎಂಬುದು ತಲೆಗೆ ತೊಡುವ ಹೆಡ್‌ಸೆಟ್‌ನ ಮೂಲಕ ಕೃತಕ ದೃಶ್ಯಲೋಕವನ್ನು ನೋಡುವಾಗ ಅಥವಾ ನೋಡಿದ ಬಳಿಕ ಉಂಟಾಗುವ ವಾಕರಿಕೆ, ತಲೆಸುತ್ತು, ಬೆವರು, ಕಣ್ಣಿನ ಆಯಾಸ, ತಲೆನೋವು ಮತ್ತು ನಿಲುವಿನ ಅಸ್ಥಿರತೆಗಳ ಸಮೂಹ. ಬಸ್ಸು, ಹಡಗು, ವಿಮಾನಗಳ ಪ್ರಯಾಣದಲ್ಲಿ ಕಾಣಿಸಿಕೊಳ್ಳುವ ಚಲನ ಅಸ್ವಸ್ಥತೆಗೆ ಇದು ಹತ್ತಿರದ ಸಂಬಂಧಿ. ಆಗುಂಬೆ ಅಥವಾ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವ ಅನುಭವ ಇದ್ದವರಿಗೆ ಇದರ ಸ್ವರೂಪ ಸುಲಭವಾಗಿ ತಿಳಿಯುತ್ತದೆ. ವ್ಯತ್ಯಾಸವಿಷ್ಟೇ: ಬಸ್ಸಿನಲ್ಲಿ ದೇಹ ಚಲಿಸುತ್ತದೆ, ವಿ.ಆರ್.ನಲ್ಲಿ ದೃಶ್ಯ ಮಾತ್ರ ಚಲಿಸುತ್ತದೆ.

ಸಂಪೂರ್ಣ ಆರೋಗ್ಯವಂತರಲ್ಲಿಯೂ ಈ ಅಸ್ವಸ್ಥತೆ ಕಾಣಿಸಿಕೊಳ್ಳುವುದರಿಂದ ಇದನ್ನು ಸ್ವತಃ ಒಂದು ರೋಗವೆಂದು ಪರಿಗಣಿಸುವುದಿಲ್ಲ. ಆದರೆ ವಿ.ಆರ್. ಸಾಧನವು ಕಣ್ಣು, ಒಳಕಿವಿ, ಕತ್ತು ಮತ್ತು ಮಿದುಳುಗಳ ಪರಸ್ಪರ ಹೊಂದಾಣಿಕೆಯ ಮೇಲೆ ದಿನನಿತ್ಯದ ಬದುಕಿನಲ್ಲಿ ಎದುರಾಗದಂತಹ ಒತ್ತಡವನ್ನು ಹೇರುತ್ತದೆ. ಹೀಗಾಗಿ ಮಿದುಳು ಅದುವರೆಗೆ ಹೇಗೋ ಸರಿದೂಗಿಸಿಕೊಂಡು ಬಂದಿದ್ದ ದೃಷ್ಟಿದೋಷ, ಒಳಕಿವಿಯ ದೌರ್ಬಲ್ಯ ಅಥವಾ ಮೈಗ್ರೇನ್ ಪ್ರವೃತ್ತಿ ಕೆಲವರಲ್ಲಿ ಮೊದಲ ಬಾರಿಗೆ ಈ ಸಂದರ್ಭದಲ್ಲಿ ಬಯಲಾಗುವುದುಂಟು.

ಉಂಟಾಗುವ ಬಗೆ

ದೇಹದ ಸಮತೋಲನವು ಮೂರು ಮೂಲಗಳ ಮಾಹಿತಿಯನ್ನು ಅವಲಂಬಿಸಿದೆ: ಕಣ್ಣು, ಒಳಕಿವಿಯ ವೆಸ್ಟಿಬ್ಯುಲರ್ ಅಂಗ, ಹಾಗೂ ಸ್ನಾಯು ಮತ್ತು ಕೀಲುಗಳ ಸಂವೇದನೆ. ಪ್ರತಿ ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿದ್ದು ಅವು ತಲೆಯ ತಿರುಗುವಿಕೆಯನ್ನು ಗುರುತಿಸುತ್ತವೆ. ಸೂಕ್ಷ್ಮ ಹರಳುಗಳಿಂದ ಕೂಡಿದ ಇನ್ನೆರಡು ಭಾಗಗಳು ಗುರುತ್ವವನ್ನೂ ನೇರ ದಿಕ್ಕಿನ ವೇಗೋತ್ಕರ್ಷವನ್ನೂ ಅಳೆಯುತ್ತವೆ. ಹೆಡ್‌ಸೆಟ್ ತೊಟ್ಟು ಕುರ್ಚಿಯಲ್ಲಿ ಕುಳಿತ ವ್ಯಕ್ತಿಗೆ ತಾನು ಓಡುತ್ತಿರುವಂತೆ ಕಣ್ಣು ತಿಳಿಸುತ್ತದೆ, ಕುಳಿತಲ್ಲೇ ಇರುವುದಾಗಿ ಒಳಕಿವಿ ತಿಳಿಸುತ್ತದೆ. ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ನಮ್ಮ ರೈಲೇ ಹೊರಟಂತೆ ಆಗುವ ಭ್ರಮೆ ಇದೇ ಬಗೆಯದು. ಇದನ್ನು ವೆಕ್ಷನ್ ಎಂದು ಕರೆಯುತ್ತಾರೆ.

ಈ ವೈರುಧ್ಯವೇ ಅಸ್ವಸ್ಥತೆಗೆ ಕಾರಣವೆಂಬ ಸಂವೇದನಾ ಸಂಘರ್ಷ ವಾದವನ್ನು ರೀಸನ್ ಮತ್ತು ಬ್ರ್ಯಾಂಡ್ ತಮ್ಮ 1975ರ ಗ್ರಂಥದಲ್ಲಿ ವಿವರವಾಗಿ ಮಂಡಿಸಿದರು. ಮಿದುಳು ನಿರೀಕ್ಷಿಸಿದ್ದಕ್ಕೂ ಅದಕ್ಕೆ ಬಂದು ತಲುಪಿದ್ದಕ್ಕೂ ಇರುವ ಅಂತರವೇ ಇಲ್ಲಿ ಮುಖ್ಯ. ಇದರಿಂದ ಹೊಟ್ಟೆ ಏಕೆ ಕೆಡಬೇಕು ಎಂಬ ಪ್ರಶ್ನೆಗೆ ಟ್ರೀಸ್‌ಮನ್ 1977ರಲ್ಲಿ ಒಂದು ಉತ್ತರ ಸೂಚಿಸಿದರು. ಇಂದ್ರಿಯಗಳ ಗೊಂದಲವನ್ನು ದೇಹವು ವಿಷಸೇವನೆಯ ಲಕ್ಷಣವೆಂದು ತಿಳಿದು ವಾಂತಿಯ ಮೂಲಕ ಅದನ್ನು ಹೊರಹಾಕಲು ಯತ್ನಿಸುತ್ತದೆ ಎಂಬುದು ಅವರ ಊಹೆ. ರಿಕ್ಚೊ ಮತ್ತು ಸ್ಟೋಫ್ರೆಗೆನ್ 1991ರಲ್ಲಿ ಬೇರೆಯೇ ವಾದವನ್ನು ಮುಂದಿಟ್ಟರು. ಸಂಘರ್ಷ ಮುಖ್ಯವಲ್ಲ, ಹೊಸ ಪರಿಸರದಲ್ಲಿ ದೇಹದ ನಿಲುವನ್ನು ಹತೋಟಿಯಲ್ಲಿಡಲು ಆಗದಿರುವುದೇ ಮೂಲ ಕಾರಣ ಎಂಬುದು ಅವರ ನಿಲುವು. ಎರಡು ವಾದಗಳ ನಡುವಿನ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಈ ಲೇಖನದ ವಿಷಯಕ್ಕೆ ಎರಡೂ ಒಂದೇ ಕಡೆ ಬೆರಳು ತೋರುತ್ತವೆ: ಕಣ್ಣು, ಒಳಕಿವಿ ಅಥವಾ ನಿಲುವಿನ ನಿಯಂತ್ರಣದಲ್ಲಿ ಮೊದಲೇ ಕೊರತೆ ಇದ್ದವರ ಅನುಭವ ಉಳಿದವರಂತೆ ಇರುವುದಿಲ್ಲ.

ಲಕ್ಷಣಗಳನ್ನು ಅಳೆಯಲು ಕೆನಡಿ ಮತ್ತು ಸಂಗಡಿಗರು 1993ರಲ್ಲಿ ರೂಪಿಸಿದ ಪ್ರಶ್ನಾವಳಿಯನ್ನು ಇಂದಿಗೂ ಬಳಸುತ್ತಾರೆ. ವಿಮಾನ ಚಾಲಕರ ತರಬೇತಿಯ ಸಿಮ್ಯುಲೇಟರ್‌ಗಳಿಗಾಗಿ ಸಿದ್ಧಪಡಿಸಿದ ಇದರಲ್ಲಿ 16 ಲಕ್ಷಣಗಳಿದ್ದು, ಅವುಗಳನ್ನು ವಾಕರಿಕೆ, ಕಣ್ಣಿನ ತೊಂದರೆ ಮತ್ತು ದಿಕ್ಕುತಪ್ಪಿದ ಅನುಭವ ಎಂಬ ಮೂರು ಗುಂಪುಗಳಲ್ಲಿ ಎಣಿಸಲಾಗುತ್ತದೆ. ಒಬ್ಬ ವ್ಯಕ್ತಿಗೆ ಯಾವ ಗುಂಪಿನ ಲಕ್ಷಣ ಹೆಚ್ಚು ಎಂಬುದು ತೊಂದರೆಯ ಮೂಲವನ್ನು ಹುಡುಕುವವರಿಗೆ ಒಟ್ಟು ಅಂಕಕ್ಕಿಂತ ಹೆಚ್ಚು ಉಪಯುಕ್ತ.

ಹಿನ್ನೆಲೆ: ತಲೆಸುತ್ತು ಬಾರದವರು

ತಲೆಸುತ್ತನ್ನು ದೇಹಸ್ಥಿತಿಯ ಸೂಚಕವನ್ನಾಗಿ ಬಳಸುವ ಆಲೋಚನೆ ವಿ.ಆರ್.ಗಿಂತ ಒಂದು ಶತಮಾನದಷ್ಟು ಹಳೆಯದು. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1882ರಲ್ಲಿ ಕಿವುಡರನ್ನು ಗಿರಗಿರನೆ ಸುತ್ತಿಸಿದಾಗ ಏನಾಗುತ್ತದೆ ಎಂಬುದರ ವರದಿಯನ್ನು ಪ್ರಕಟಿಸಿದರು. 519 ಮಂದಿಯಲ್ಲಿ 186 ಮಂದಿಗೆ ತಲೆಸುತ್ತು ಬರಲೇ ಇಲ್ಲ, 134 ಮಂದಿಗೆ ಅಲ್ಪಸ್ವಲ್ಪ ಬಂದಿತು. ಹೋಲಿಕೆಗಾಗಿ ಪರೀಕ್ಷಿಸಿದ, ಕಿವಿ ಚೆನ್ನಾಗಿದ್ದ ಸುಮಾರು 200 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ತಲೆ ಸುತ್ತಿತು. ಕೇಳುವ ಶಕ್ತಿಯನ್ನು ಕಸಿದುಕೊಂಡ ರೋಗವೇ ಹಲವರಲ್ಲಿ ಸಮತೋಲನದ ಅಂಗವನ್ನೂ ನಾಶಮಾಡಿತ್ತು ಎಂಬುದು ಇದರ ಅರ್ಥವಾಗಿತ್ತು.

ಇದರ ಮುಂದುವರಿಕೆ ಎನ್ನಬಹುದಾದ ಪ್ರಯೋಗಗಳು 1950ರ ದಶಕದ ಕೊನೆಯಿಂದ ಫ್ಲಾರಿಡಾದ ಪೆನ್ಸಕೋಲಾದಲ್ಲಿರುವ ಅಮೆರಿಕದ ನೌಕಾದಳದ ಕೇಂದ್ರದಲ್ಲಿ ಆಶ್ಟನ್ ಗ್ರೇಬಿಯೆಲ್ ಅವರ ನೇತೃತ್ವದಲ್ಲಿ ನಡೆದವು. ಗ್ಯಾಲೊಡೆಟ್ ಕಾಲೇಜಿನಿಂದ ಆಯ್ಕೆಯಾದ 11 ಮಂದಿ ಕಿವುಡ ಪುರುಷರು ಇವುಗಳಲ್ಲಿ ಭಾಗವಹಿಸಿದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬಾಲ್ಯದಲ್ಲಿ ಮಿದುಳುಪೊರೆಯ ಉರಿಯೂತದಿಂದ ಕಿವುಡರಾದವರು. ನಿಧಾನವಾಗಿ ಸುತ್ತುವ ಕೋಣೆಯಲ್ಲಿ ಅವರಲ್ಲಿ ನಾಲ್ವರು 12 ದಿನ ಇದ್ದು ಯಾವ ತೊಂದರೆಯನ್ನೂ ಅನುಭವಿಸಲಿಲ್ಲ. ಉತ್ತರ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ನಡೆಸಿದ ಹಡಗಿನ ಪ್ರಯೋಗದಲ್ಲಿ ಅವರು ನಿಶ್ಚಿಂತೆಯಿಂದ ಇಸ್ಪೀಟು ಆಡುತ್ತಿದ್ದರೆ, ಅವರನ್ನು ಗಮನಿಸಬೇಕಾಗಿದ್ದ ಸಂಶೋಧಕರು ಹಾಸಿಗೆ ಹಿಡಿದರು. ಬಾಹ್ಯಾಕಾಶ ಯಾನದಲ್ಲಿ ದೇಹ ಹೇಗೆ ವರ್ತಿಸೀತು ಎಂಬುದನ್ನು ಅರಿಯಲು ಈ ಮಾಹಿತಿ ನೆರವಾಯಿತು.

ವಾಕರಿಕೆ ಬರಬೇಕಾದರೆ ಕೆಲಸಮಾಡುವ ಒಳಕಿವಿ ಇರಬೇಕು ಎಂಬುದು ಇದರಿಂದ ದೃಢವಾಯಿತು. ಚಲಿಸುವ ದೃಶ್ಯವನ್ನಷ್ಟೇ ತೋರಿಸಿ ಚ್ಯೂಂಗ್, ಹೋವರ್ಡ್ ಮತ್ತು ಮನಿ 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ ಎರಡೂ ಒಳಕಿವಿಗಳ ಕಾರ್ಯ ನಿಂತವರಿಗೆ ವಾಕರಿಕೆ ಬರಲಿಲ್ಲ. ಆದ್ದರಿಂದ ಎಂತಹ ವಿ.ಆರ್. ಆಟಕ್ಕೂ ಜಗ್ಗದಿರುವುದನ್ನು ಗಟ್ಟಿತನದ ಗುರುತೆಂದು ಹೇಳಿಕೊಳ್ಳುವ ರೂಢಿ ಆಟಗಾರರಲ್ಲಿದ್ದರೂ, ವೈದ್ಯಕೀಯವಾಗಿ ಅದಕ್ಕೆ ಇನ್ನೊಂದು ಅರ್ಥವೂ ಇರಬಹುದು. ಕತ್ತಲಲ್ಲಿ ನಡೆಯುವಾಗ ತೂರಾಡುವುದು, ನಡೆಯುತ್ತಾ ಫಲಕಗಳನ್ನು ಓದಲು ಹೋದರೆ ಅಕ್ಷರಗಳು ಕುಣಿದಂತೆ ಕಾಣುವುದು ಇವು ಜೊತೆಗಿದ್ದರೆ ಎರಡೂ ಕಿವಿಗಳ ವೆಸ್ಟಿಬ್ಯುಲರ್ ವೈಫಲ್ಯವನ್ನು ಶಂಕಿಸಬೇಕಾಗುತ್ತದೆ. ಜೆಂಟಮೈಸಿನ್, ಸ್ಟ್ರೆಪ್ಟೊಮೈಸಿನ್‌ನಂತಹ ಚುಚ್ಚುಮದ್ದುಗಳು ಇದಕ್ಕೆ ಚಿರಪರಿಚಿತ ಕಾರಣ. ಭಾರತದಲ್ಲಿ ಕ್ಷಯರೋಗದ ಚಿಕಿತ್ಸೆಗೆ ಸ್ಟ್ರೆಪ್ಟೊಮೈಸಿನ್ ದಶಕಗಳ ಕಾಲ ಬಳಕೆಯಲ್ಲಿತ್ತು.

ದೃಷ್ಟಿದೋಷಗಳು

ವಿ.ಆರ್. ಬಯಲಿಗೆಳೆಯುವ ಸಮಸ್ಯೆಗಳಲ್ಲಿ ಅತ್ಯಂತ ಸ್ಪಷ್ಟವಾದವು ಕಣ್ಣಿಗೆ ಸಂಬಂಧಿಸಿದವು. ನಿಜಲೋಕದಲ್ಲಿ ಹತ್ತಿರದ ವಸ್ತುವನ್ನು ನೋಡುವಾಗ ಎರಡು ಕಾರ್ಯಗಳು ಒಟ್ಟಿಗೆ ನಡೆಯುತ್ತವೆ: ಎರಡೂ ಕಣ್ಣುಗಳು ಮೂಗಿನ ಕಡೆಗೆ ಒಳಮುಖವಾಗಿ ತಿರುಗುತ್ತವೆ, ಕಣ್ಣಿನ ಮಸೂರವು ಅದೇ ದೂರಕ್ಕೆ ನಾಭೀಕರಿಸುತ್ತದೆ. ಸಾಮಾನ್ಯ ಹೆಡ್‌ಸೆಟ್‌ನಲ್ಲಿ ಬಿಂಬದ ನಾಭಿದೂರವು ಸುಮಾರು 1ರಿಂದ 2 ಮೀಟರ್‌ನಲ್ಲಿ ಸ್ಥಿರವಾಗಿರುತ್ತದೆ. ಕಾಲ್ಪನಿಕ ವಸ್ತು ಮುಖದ ಹತ್ತಿರ ಬಂದಾಗ ಕಣ್ಣುಗಳು ಒಳಕ್ಕೆ ತಿರುಗಲೇಬೇಕು, ಮಸೂರ ಮಾತ್ರ ಇದ್ದಲ್ಲೇ ಇರಬೇಕು. ಒಟ್ಟಿಗೆ ಹೂಡಿದ ಎರಡು ಎತ್ತುಗಳನ್ನು ಬೇರೆ ಬೇರೆ ದಿಕ್ಕಿಗೆ ಎಳೆದಂತೆ ಇದು. ಇಂತಹ ಬೇರ್ಪಡಿಕೆ ಆರೋಗ್ಯವಂತ ಕಣ್ಣಿಗೂ ಆಯಾಸ ತರುತ್ತದೆಂದು ಹಾಫ್‌ಮನ್, ಬ್ಯಾಂಕ್ಸ್ ಮತ್ತು ಸಂಗಡಿಗರ 2008ರ ಅಧ್ಯಯನ ತೋರಿಸಿತು.

ಕಣ್ಣುಗಳನ್ನು ಒಮ್ಮುಖವಾಗಿಸುವ ಶಕ್ತಿಯೇ ಕಡಿಮೆ ಇರುವವರಿಗೆ ಈ ಆಯಾಸ ಬೇಗನೆ ಬರುತ್ತದೆ. ಒಮ್ಮುಖತೆಯ ಕೊರತೆ ಎಂದು ಕರೆಯಲಾಗುವ ಈ ದೋಷ ಇದ್ದವರು ಗೋಡೆಯ ಮೇಲಿನ ಅಕ್ಷರಫಲಕವನ್ನು ಕೊನೆಯ ಸಾಲಿನವರೆಗೂ ಓದಬಲ್ಲರು. ಆದ್ದರಿಂದ ಸಾಮಾನ್ಯ ಕನ್ನಡಕದ ಪರೀಕ್ಷೆಯಲ್ಲಿ ಅದು ಸಿಗದೆ ಉಳಿಯುವುದು ಸಾಮಾನ್ಯ. ಓದುವಾಗ ಸಾಲು ತಪ್ಪುವುದು, ಅಕ್ಷರ ಎರಡಾಗಿ ಕಾಣುವುದು, ಸಂಜೆಗೆ ಹಣೆ ನೋಯುವುದು ಇದರ ದಿನನಿತ್ಯದ ಸುಳಿವುಗಳು. ಮಕ್ಕಳಲ್ಲಿ ಇದನ್ನು ಓದಿನ ಸೋಮಾರಿತನವೆಂದು ತಪ್ಪಾಗಿ ತಿಳಿಯುವುದುಂಟು. ಮೇಲ್ನೋಟಕ್ಕೆ ಕಾಣದ ಮೆಳ್ಳಗಣ್ಣಿನ ಪ್ರವೃತ್ತಿ, ಎರಡು ಕಣ್ಣುಗಳ ನಡುವೆ ಮೇಲು ಕೆಳಗಿನ ಅಲ್ಪ ವ್ಯತ್ಯಾಸ, ಸರಿಪಡಿಸದ ದೂರದೃಷ್ಟಿದೋಷ, ಎರಡು ಕಣ್ಣುಗಳಿಗೆ ಬೇರೆ ಬೇರೆ ಪ್ರಮಾಣದ ಪವರ್ ಇರುವುದು ಇವೂ ಇದೇ ಸಾಲಿಗೆ ಸೇರುತ್ತವೆ. ಎಳವೆಯಲ್ಲಿಯೇ ಒಂದು ಕಣ್ಣಿನ ಬಳಕೆ ಕುಂದಿದ ಮಂದದೃಷ್ಟಿಯುಳ್ಳವರ ವಿಷಯ ತುಸು ಬೇರೆ. ಅವರಿಗೆ ವಾಕರಿಕೆಗಿಂತ ಹೆಚ್ಚಾಗಿ, ಎಲ್ಲರೂ ಹೊಗಳುವ ಆಳದ ಅನುಭವವೇ ಆಗುವುದಿಲ್ಲ.

ತ್ರಿಆಯಾಮದ ಚಲನಚಿತ್ರಗಳು ಮತ್ತು ಕೈಯಲ್ಲಿ ಹಿಡಿಯುವ ತ್ರಿಆಯಾಮದ ಆಟದ ಸಾಧನಗಳು 2010ರ ಸುಮಾರಿಗೆ ಜನಪ್ರಿಯವಾದಾಗ ಇದು ಸಾರ್ವಜನಿಕ ಚರ್ಚೆಗೆ ಬಂದಿತು. ಇವು ಮಕ್ಕಳ ಕಣ್ಣನ್ನು ಕೆಡಿಸುತ್ತವೆ ಎಂಬ ಭೀತಿ ಹರಡಿದ್ದಾಗ, ಅಮೆರಿಕನ್ ಆಪ್ಟೊಮೆಟ್ರಿಕ್ ಅಸೋಸಿಯೇಷನ್ 2011ರಲ್ಲಿ ವಿಷಯವನ್ನು ತಿರುಗಿಸಿ ನೋಡಿತು. ತ್ರಿಆಯಾಮದ ದೃಶ್ಯ ನೋಡುವಾಗ ಕಿರಿಕಿರಿ, ತಲೆಸುತ್ತು ಅಥವಾ ಆಳದ ಅನುಭವದ ಕೊರತೆ ಕಂಡುಬಂದರೆ ಅದು ಅದುವರೆಗೆ ಪತ್ತೆಯಾಗದ ದೃಷ್ಟಿದೋಷದ ಸುಳಿವಾಗಿರಬಹುದು, ಅಂತಹ ಮಗುವನ್ನು ಪೂರ್ಣ ಪರೀಕ್ಷೆಗೆ ಒಳಪಡಿಸಬೇಕು ಎಂಬುದು ಅದರ ಸಲಹೆಯಾಗಿತ್ತು. ಸಾಧನವನ್ನು ದೂರಿ ಮೂಲೆಗಿಡುವ ಪೋಷಕರಿಗೆ ಈ ಸಲಹೆ ಇಂದಿಗೂ ಅನ್ವಯಿಸುತ್ತದೆ.

ಇದೇ ಅವಧಿಯ ಇನ್ನೊಂದು ಪ್ರಕರಣ ಪ್ರಸಿದ್ಧವಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕೇಂದ್ರದಲ್ಲಿ ದೃಷ್ಟಿಯ ಕುರಿತು ಸಂಶೋಧನೆ ನಡೆಸುತ್ತಿದ್ದ ಬ್ರೂಸ್ ಬ್ರಿಜ್‌ಮನ್ ಅವರಿಗೆ ಕಣ್ಣುಗಳ ಹೊಂದಾಣಿಕೆಯ ದೋಷದಿಂದಾಗಿ ಆಳದ ದೃಷ್ಟಿ ಬಹುಮಟ್ಟಿಗೆ ಇರಲಿಲ್ಲ. 2012ರಲ್ಲಿ, ತಮ್ಮ 60ರ ದಶಕದ ವಯಸ್ಸಿನಲ್ಲಿ, ‘ಹ್ಯೂಗೊ’ ಎಂಬ ತ್ರಿಆಯಾಮದ ಚಲನಚಿತ್ರವನ್ನು ನೋಡುವಾಗ ಪಾತ್ರಗಳು ಪರದೆಯಿಂದ ಹೊರಕ್ಕೆ ಎದ್ದು ಬಂದಂತೆ ಅವರಿಗೆ ಕಂಡಿತು. ಚಿತ್ರಮಂದಿರದಿಂದ ಹೊರಬಂದ ಮೇಲೂ ಆ ದೃಷ್ಟಿ ಉಳಿಯಿತು. ಒಬ್ಬರ ಅನುಭವದಿಂದ ಚಿಕಿತ್ಸೆಯ ನಿಯಮ ಹೊರಡುವುದಿಲ್ಲವಾದರೂ, ಪರದೆಯ ತಂತ್ರಜ್ಞಾನವನ್ನು ಮಂದದೃಷ್ಟಿಯ ಚಿಕಿತ್ಸೆಗೆ ಬಳಸುವ ಪ್ರಯತ್ನಗಳು ಮುಂದೆ ಫಲ ಕೊಟ್ಟವು. 4ರಿಂದ 7 ವರ್ಷದ ಮಕ್ಕಳಿಗಾಗಿ ಹೆಡ್‌ಸೆಟ್ ಮೂಲಕ ನೀಡುವ ಲ್ಯೂಮಿನೋಪಿಯಾ ಎಂಬ ಚಿಕಿತ್ಸೆಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2021ರಲ್ಲಿ ಅನುಮತಿ ನೀಡಿತು.

ಒಳಕಿವಿಯ ತೊಂದರೆಗಳು

ಒಂದು ಕಿವಿಯ ವೆಸ್ಟಿಬ್ಯುಲರ್ ನರಕ್ಕೆ ಉರಿಯೂತ ಬಂದು ಹೋದ ಬಳಿಕ ಮಿದುಳು ಕೆಲವು ವಾರಗಳಲ್ಲಿ ಹೊಸ ಸ್ಥಿತಿಗೆ ಹೊಂದಿಕೊಳ್ಳುತ್ತದೆ. ರೋಗಿ ಗುಣವಾದೆನೆಂದು ಭಾವಿಸುತ್ತಾನೆ. ಆದರೆ ಆ ಹೊಂದಾಣಿಕೆಯಲ್ಲಿ ಕೆಲವರು ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿಬಿಟ್ಟಿರುತ್ತಾರೆ. ಕಣ್ಣು ಕೊಡುವ ಮಾಹಿತಿ ಗೊಂದಲಮಯವಾದ ಕಡೆಗಳಲ್ಲೆಲ್ಲ, ಅಂದರೆ ಸೂಪರ್ ಮಾರ್ಕೆಟ್‌ನ ಉದ್ದನೆಯ ಕಪಾಟುಗಳ ನಡುವೆ, ಸಂತೆಯ ಜನಜಂಗುಳಿಯಲ್ಲಿ, ಮೊಬೈಲ್ ಪರದೆಯನ್ನು ವೇಗವಾಗಿ ಸರಿಸುವಾಗ, ಅವರಿಗೆ ತಲೆ ಸುತ್ತುತ್ತದೆ. ಇದನ್ನು ಲಂಡನ್ನಿನ ನರವಿಜ್ಞಾನಿ ಬ್ರಾನ್‌ಸ್ಟೀನ್ 1995ರಲ್ಲಿ ದೃಶ್ಯಜನ್ಯ ತಲೆಸುತ್ತು ಎಂದು ವಿವರಿಸಿದರು. ವಿ.ಆರ್. ಹೆಡ್‌ಸೆಟ್ ಇಂತಹವರಿಗೆ ಅತ್ಯಂತ ಕಠಿಣ ಪರೀಕ್ಷೆ. ತಿಂಗಳುಗಟ್ಟಲೆ ಮುಂದುವರಿಯುವ ಇಂತಹ ಸ್ಥಿತಿಗೆ ಬಾರಾನಿ ಸೊಸೈಟಿಯು 2017ರಲ್ಲಿ ನಿರ್ದಿಷ್ಟ ಮಾನದಂಡಗಳನ್ನು ಪ್ರಕಟಿಸಿ, ಅದನ್ನು ನಿರಂತರ ನಿಲುವು ಮತ್ತು ಗ್ರಹಿಕೆಯ ತಲೆಸುತ್ತು ಎಂಬ ಪ್ರತ್ಯೇಕ ರೋಗವೆಂದು ಗುರುತಿಸಿತು.

ಕಿವಿಯ ಹರಳುಗಳು ಸ್ಥಾನ ತಪ್ಪಿ ಅರ್ಧವೃತ್ತಾಕಾರದ ನಾಳ ಸೇರಿದಾಗ ಬರುವ ತಲೆಸುತ್ತು ಇದಕ್ಕಿಂತ ಭಿನ್ನ. ಅದು ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಅಥವಾ ಮೇಲಕ್ಕೆ ತಲೆಯೆತ್ತಿದಾಗ ಕೆಲವು ಕ್ಷಣ ಬಂದು ನಿಲ್ಲುತ್ತದೆ. ಆಟದ ನಡುವೆ ಮೇಲಕ್ಕೆ ನೋಡಿದಾಗ ಇದು ಮೊದಲ ಬಾರಿ ಕೆರಳಿದರೆ ತಪ್ಪು ಹೆಡ್‌ಸೆಟ್‌ನದೆಂದು ಅನಿಸುವುದು ಸಹಜ. ಮೆನಿಯೇರ್ ಕಾಯಿಲೆಯಲ್ಲಿ ತಲೆಸುತ್ತಿನ ಜೊತೆಗೆ ಒಂದು ಕಿವಿ ತುಂಬಿದಂತಾಗುವುದು, ಗುಂಯ್‌ಗುಡುವುದು ಮತ್ತು ಕೇಳುವಿಕೆ ಏರಿಳಿಯುವುದು ಕಂಡುಬರುತ್ತದೆ. ಒಂದೇ ಕಿವಿಯ ಕೇಳುವಿಕೆ ಕ್ರಮೇಣ ಕುಂದುತ್ತಿದ್ದರೆ, ಅಪರೂಪವಾದರೂ, ನರದ ಮೇಲಿನ ಗಡ್ಡೆಯ ಸಾಧ್ಯತೆಯನ್ನು ಸ್ಕ್ಯಾನ್ ಮೂಲಕ ತಳ್ಳಿಹಾಕಬೇಕಾಗುತ್ತದೆ.

ಮೈಗ್ರೇನ್ ಮತ್ತು ಮಿದುಳಿನ ಇತರ ಸ್ಥಿತಿಗಳು

ಮೈಗ್ರೇನ್ ಇರುವವರಲ್ಲಿ ಚಲನ ಅಸ್ವಸ್ಥತೆ ಹೆಚ್ಚು ಎಂಬುದು ಚೆನ್ನಾಗಿ ದೃಢಪಟ್ಟಿದೆ. ಬಾಲ್ಯದಲ್ಲಿ ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಿದ್ದ ಮಗು ಹರೆಯದಲ್ಲಿ ಅರೆತಲೆನೋವಿಗೆ ತುತ್ತಾಗುವುದು ವೈದ್ಯರಿಗೆ ಪರಿಚಿತವಾದ ಕ್ರಮ. ತಲೆನೋವೇ ಇಲ್ಲದೆ ಕೇವಲ ತಲೆಸುತ್ತಾಗಿ ಬರುವ ಮೈಗ್ರೇನ್ ಕೂಡ ಇದೆ. ಇದಕ್ಕೆ 2012ರಲ್ಲಿ ಬಾರಾನಿ ಸೊಸೈಟಿ ಮತ್ತು ಅಂತರರಾಷ್ಟ್ರೀಯ ತಲೆನೋವು ಸೊಸೈಟಿ ಸೇರಿ ಮಾನದಂಡಗಳನ್ನು ರೂಪಿಸಿದವು. ಬೆಳಕು ಮತ್ತು ಸದ್ದಿಗೆ ಕಿರಿಕಿರಿ, ಮನೆಯವರಲ್ಲಿ ಯಾರಿಗಾದರೂ ಅರೆತಲೆನೋವು, ವಿ.ಆರ್. ಬಳಸಿದ ಮರುದಿನವೂ ತೀರದ ಮಂಕು ಇವೆಲ್ಲ ಒಟ್ಟಿಗಿದ್ದರೆ ಈ ದಿಕ್ಕಿನಲ್ಲಿ ಯೋಚಿಸುವುದು ಉಚಿತ. ಕರ್ನಾಟಕದ ಮನೆಗಳಲ್ಲಿ ಇಂತಹ ಲಕ್ಷಣಗಳನ್ನೆಲ್ಲ ‘ಪಿತ್ತ’ ಎಂಬ ಒಂದೇ ಮಾತಿನಲ್ಲಿ ಮುಗಿಸಿ ನಿಂಬೆಹಣ್ಣಿನ ಪಾನಕ ಕೊಡುವ ರೂಢಿಯಿದೆ. ಪಾನಕದಿಂದ ಹಾನಿಯೇನಿಲ್ಲ, ಆದರೆ ವರ್ಷಗಟ್ಟಲೆ ರೋಗದ ಹೆಸರೇ ತಿಳಿಯದೆ ಉಳಿಯಲು ಈ ಮಾತು ಕಾರಣವಾಗುತ್ತದೆ.

ತಲೆಗೆ ಪೆಟ್ಟು ಬಿದ್ದವರಲ್ಲಿ, ಸ್ಕ್ಯಾನ್ ಸಹಜವಾಗಿದ್ದರೂ, ಚಲಿಸುವ ದೃಶ್ಯಗಳನ್ನು ಸಹಿಸಲಾಗದ ಸ್ಥಿತಿ ವಾರಗಟ್ಟಲೆ ಉಳಿಯಬಹುದು. ಪಿಟ್ಸ್‌ಬರ್ಗ್‌ನ ತಜ್ಞರು 2014ರಲ್ಲಿ ಪ್ರಕಟಿಸಿದ, ಕ್ರೀಡಾಪಟುಗಳ ತಪಾಸಣೆಗೆ ಬಳಸುವ ಸರಳ ಪರೀಕ್ಷಾಕ್ರಮದಲ್ಲಿ ಕಣ್ಣುಗಳ ಒಮ್ಮುಖತೆ ಮತ್ತು ದೃಶ್ಯಚಲನೆಯ ಸಹಿಷ್ಣುತೆ ಎರಡನ್ನೂ ಪರೀಕ್ಷಿಸುತ್ತಾರೆ. ಬೈಕಿನಿಂದ ಬಿದ್ದು ಏನೂ ಆಗಿಲ್ಲವೆಂದು ಸುಮ್ಮನಿದ್ದವರಿಗೆ, ಮೊದಲು ಸಲೀಸಾಗಿ ಆಡುತ್ತಿದ್ದ ವಿ.ಆರ್. ಆಟ ಈಗ ಸಹಿಸಲಾಗದಂತಾದರೆ, ಆ ಬದಲಾವಣೆಯನ್ನು ವೈದ್ಯರಿಗೆ ಹೇಳಲೇಬೇಕು.

ಬೆಳಕಿನ ಮಿಂಚಿನಿಂದ ಕೆರಳುವ ಅಪಸ್ಮಾರ ವಾಕರಿಕೆಗೆ ಸಂಬಂಧಿಸಿದ್ದಲ್ಲ. ಆದರೂ ಪರದೆಯೊಂದು ಸುಪ್ತ ಸಮಸ್ಯೆಯನ್ನು ಬಯಲುಮಾಡಿದ ಅತಿದೊಡ್ಡ ನಿದರ್ಶನ ಅದರದೇ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ ‘ಪೊಕೆಮಾನ್’ ಕಂತಿನಲ್ಲಿ ಕೆಂಪು ನೀಲಿ ಬಣ್ಣಗಳು ವೇಗವಾಗಿ ಮಿನುಗಿದಾಗ ಸುಮಾರು 685 ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಲಾಯಿತು. ಸೆಳವಿಗೆ ಒಳಗಾದ ಹಲವರಿಗೆ ಅದುವರೆಗೆ ಒಮ್ಮೆಯೂ ಸೆಳವು ಬಂದಿರಲಿಲ್ಲ.

ರಕ್ತದೊತ್ತಡದ ಕುಸಿತ, ರಕ್ತದ ಸಕ್ಕರೆ ಇಳಿಯುವುದು, ಗರ್ಭಾವಸ್ಥೆ, ಜ್ವರ ನೆಗಡಿ, ನಿದ್ರಾಭಾವ, ಮದ್ಯಪಾನ ಮತ್ತು ಆತಂಕದ ಕಾಯಿಲೆ ಇವೂ ವಿ.ಆರ್. ಅಸ್ವಸ್ಥತೆಯನ್ನು ಹೆಚ್ಚಿಸಬಲ್ಲವು ಅಥವಾ ಅದರಂತೆಯೇ ತೋರಬಲ್ಲವು.

ಸಾಧನದ ದೋಷ

ಎಲ್ಲ ಅಸ್ವಸ್ಥತೆಯನ್ನೂ ಬಳಕೆದಾರರ ದೇಹಕ್ಕೆ ಆರೋಪಿಸುವುದು ಸರಿಯಲ್ಲ. ತಲೆ ತಿರುಗಿಸಿದಾಗ ದೃಶ್ಯ ಬದಲಾಗಲು 20 ಮಿಲಿಸೆಕೆಂಡಿಗಿಂತ ಹೆಚ್ಚು ವಿಳಂಬವಾಗಬಾರದೆಂದು ತಂತ್ರಜ್ಞರು ಹೇಳುತ್ತಾರೆ. ತಲೆ ತಿರುಗಿದಾಗ ನೋಟವನ್ನು ಸ್ಥಿರವಾಗಿಡುವ ಒಳಕಿವಿಯ ಪ್ರತಿವರ್ತನ ಸುಮಾರು 10 ಮಿಲಿಸೆಕೆಂಡಿನಲ್ಲಿಯೇ ಕೆಲಸ ಆರಂಭಿಸುತ್ತದೆ. ಹಳೆಯ ಅಥವಾ ಅಗ್ಗದ ಸಾಧನಗಳು ಈ ಮಿತಿಯನ್ನು ಮೀರುತ್ತವೆ. ಮಹಿಳೆಯರಿಗೆ ವಿ.ಆರ್. ಅಸ್ವಸ್ಥತೆ ಹೆಚ್ಚು ಎಂಬ ಹೇಳಿಕೆ ಬಹುಕಾಲ ಚಲಾವಣೆಯಲ್ಲಿತ್ತು. ಸ್ಟ್ಯಾನಿ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದರ ಪ್ರಮುಖ ಕಾರಣ ಹೆಡ್‌ಸೆಟ್‌ನ ಮಸೂರಗಳ ಅಂತರವು ಅನೇಕ ಮಹಿಳೆಯರ ಕಣ್ಣುಗಳ ಅಂತರಕ್ಕೆ ಹೊಂದದಿರುವುದು. ಆ ಅಂತರವನ್ನು ಸರಿಹೊಂದಿಸದೆ, ಕನ್ನಡಕ ಬೇಕಾದವರು ಅದನ್ನು ಧರಿಸದೆ ಪಡುವ ತೊಂದರೆಯನ್ನು ರೋಗಲಕ್ಷಣವೆಂದು ಎಣಿಸುವಂತಿಲ್ಲ.

ಸುಳಿವುಗಳನ್ನು ಬೇರ್ಪಡಿಸುವುದು

ಆರೋಗ್ಯವಂತರೂ ಅಸ್ವಸ್ಥರಾಗುವ ಕಾರಣ, ವಾಕರಿಕೆ ಬಂದಿತೆಂಬ ಒಂದೇ ಸಂಗತಿಯಿಂದ ಯಾವ ರೋಗವನ್ನೂ ನಿರ್ಣಯಿಸಲಾಗದು. ಗಮನಿಸಬೇಕಾದದ್ದು ಅದರ ಸ್ವರೂಪವನ್ನು. ಸಾಮಾನ್ಯ ಅಸ್ವಸ್ಥತೆಯು ಹೆಡ್‌ಸೆಟ್ ತೆಗೆದ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಇಳಿಯುತ್ತದೆ, ಮತ್ತು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬಳಸುತ್ತಾ ಹೋದರೆ ಕಡಿಮೆಯಾಗುತ್ತದೆ. ಮರುದಿನಕ್ಕೂ ಉಳಿಯುವ, ಅಭ್ಯಾಸದಿಂದ ಕಡಿಮೆಯಾಗುವ ಬದಲು ಹೆಚ್ಚುವ, ಮೊದಲು ಇಲ್ಲದಿದ್ದು ಹೊಸದಾಗಿ ಆರಂಭವಾದ, ಅಥವಾ ಹೆಡ್‌ಸೆಟ್ ಇಲ್ಲದಾಗಲೂ ಅಂಗಡಿ ಬೀದಿಗಳಲ್ಲಿ ಕಾಡುವ ತೊಂದರೆ ಪರೀಕ್ಷೆಗೆ ಅರ್ಹ. ಚಲನೆಯೇ ಇಲ್ಲದ ಶಾಂತ ದೃಶ್ಯದಲ್ಲಿಯೂ ಕಣ್ಣು ಹಣೆ ನೋಯುತ್ತಿದ್ದು, ಒಂದು ಕಣ್ಣು ಮುಚ್ಚಿದೊಡನೆ ಹಾಯೆನಿಸಿದರೆ ಸಂದೇಹ ಎರಡು ಕಣ್ಣುಗಳ ಹೊಂದಾಣಿಕೆಯ ಮೇಲೆ ಹೋಗುತ್ತದೆ. ಕಣ್ಣಿಗೇನೂ ಆಗದೆ, ದೃಶ್ಯ ಸುತ್ತಿದಾಗ ಮಾತ್ರ ನಿಲುವು ತಪ್ಪುವುದಾದರೆ ಒಳಕಿವಿ ಅಥವಾ ಮೈಗ್ರೇನ್‌ನ ಕಡೆಗೆ ನೋಡಬೇಕು.

ತಲೆಸುತ್ತಿನೊಂದಿಗೆ ಮಾತು ತೊದಲುವುದು, ದೃಷ್ಟಿ ಎರಡಾಗುವುದು, ಮುಖ ಅಥವಾ ಕೈಕಾಲು ಸೋಲುವುದು, ನಡೆಯಲು ಆಗದಿರುವುದು, ಹಿಂದೆಂದೂ ಕಾಣದಂತಹ ತೀವ್ರ ತಲೆನೋವು ಬರುವುದು ಪಾರ್ಶ್ವವಾಯುವಿನ ಲಕ್ಷಣಗಳಾಗಿರಬಹುದು. ಆಗ ಹೆಡ್‌ಸೆಟ್‌ನ ಪ್ರಭಾವವೆಂದು ಕಾದು ನೋಡದೆ ಕೂಡಲೇ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು. ಒಂದು ಕಿವಿ ಹಠಾತ್ತಾಗಿ ಕೇಳದಂತಾದರೂ ವಿಳಂಬ ಸಲ್ಲದು, ಏಕೆಂದರೆ ಅದರ ಚಿಕಿತ್ಸೆ ಆರಂಭದ ದಿನಗಳಲ್ಲಿ ಮಾತ್ರ ಹೆಚ್ಚು ಫಲಕಾರಿ.

ಪರೀಕ್ಷೆ ಮತ್ತು ಚಿಕಿತ್ಸೆ

ಕಣ್ಣಿನ ತಜ್ಞರು ಅಕ್ಷರಫಲಕದ ಜೊತೆಗೆ ಒಮ್ಮುಖತೆ, ನಾಭೀಕರಣ ಮತ್ತು ಆಳದ ದೃಷ್ಟಿಯನ್ನು ಅಳೆಯುತ್ತಾರೆ. ಈ ಪರೀಕ್ಷೆಗಳು ಬೇಕೆಂದು ರೋಗಿಯೇ ಕೇಳಬೇಕಾಗಿ ಬರುವುದುಂಟು. ಒಮ್ಮುಖತೆಯ ಕೊರತೆಗೆ ವ್ಯಾಯಾಮಗಳಿವೆ. ಒಳಕಿವಿಯ ಪರೀಕ್ಷೆಗಳಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ 1952ರಲ್ಲಿ ವಿವರಿಸಿದ ಭಂಗಿಯ ಪರೀಕ್ಷೆ, ಹಾಲ್ಮಗಿ ಮತ್ತು ಕರ್ಥಾಯ್ಸ್ 1988ರಲ್ಲಿ ತಿಳಿಸಿದ ತಲೆಯನ್ನು ಥಟ್ಟನೆ ತಿರುಗಿಸುವ ಪರೀಕ್ಷೆ ಮುಖ್ಯವಾದವು. ಎರಡಕ್ಕೂ ದುಬಾರಿ ಯಂತ್ರ ಬೇಕಿಲ್ಲ. ಸ್ಥಾನ ತಪ್ಪಿದ ಹರಳುಗಳನ್ನು ತಲೆಯ ಕ್ರಮಬದ್ಧ ಚಲನೆಯಿಂದ ಮರಳಿ ಕೂರಿಸುವ ಎಪ್ಲಿ ವಿಧಾನ ಹಲವರಿಗೆ ಒಂದೇ ಭೇಟಿಯಲ್ಲಿ ಗುಣ ತರುತ್ತದೆ. ಕರ್ನಾಟಕದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕೇಳುವಿಕೆಯೊಂದಿಗೆ ಸಮತೋಲನದ ಪರೀಕ್ಷೆಗಳೂ ನಡೆಯುತ್ತವೆ.

ತಲೆಸುತ್ತನ್ನು ಅದುಮುವ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದು ನಮ್ಮಲ್ಲಿ ಸಾಮಾನ್ಯ. ತೀವ್ರ ಸ್ಥಿತಿಯ ಮೊದಲ ಕೆಲವು ದಿನಗಳಿಗೆ ಅವು ಸರಿ, ಆಮೇಲೆ ಮಿದುಳಿನ ಹೊಂದಾಣಿಕೆಯನ್ನೇ ಅವು ನಿಧಾನಿಸುತ್ತವೆ. ಆ ಹೊಂದಾಣಿಕೆಗೆ ಬೇಕಾದದ್ದು ಅಳತೆಯರಿತ ಚಲನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಲೆಗೆ ಗಾಯವಾದವರಿಗಾಗಿ ಇಂಗ್ಲೆಂಡಿನಲ್ಲಿ ಕಾಥಾರ್ನ್ ಮತ್ತು ಕುಕ್ಸಿ ರೂಪಿಸಿದ ವ್ಯಾಯಾಮಗಳು, ತಲೆಸುತ್ತನ್ನು ತುಸು ಬರಿಸಿ ಅದಕ್ಕೆ ಒಗ್ಗಿಸುವ ತತ್ತ್ವವನ್ನು ಆಧರಿಸಿವೆ. ಇಂದಿನ ವೆಸ್ಟಿಬ್ಯುಲರ್ ಪುನಶ್ಚೇತನ ಕೇಂದ್ರಗಳು ಅದೇ ತತ್ತ್ವದ ಮೇಲೆ, ಚಲಿಸುವ ಪಟ್ಟಿಗಳ ದೃಶ್ಯವನ್ನೂ ಜನನಿಬಿಡ ಮಾರುಕಟ್ಟೆಯ ದೃಶ್ಯವನ್ನೂ ವಿ.ಆರ್. ಹೆಡ್‌ಸೆಟ್‌ನಲ್ಲಿ ತೋರಿಸಿ, ಕೆಲವು ನಿಮಿಷಗಳಿಂದ ಆರಂಭಿಸಿ ವಾರವಾರಕ್ಕೆ ಅವಧಿಯನ್ನು ಹೆಚ್ಚಿಸುತ್ತಾ ಹೋಗುತ್ತವೆ.